ಜುಲೈಯಲ್ಲಿ ಒರ್ಲ್ಯಾಂಡೊ: ರೈಡು ನಿಂತುಹೋದರೆ ಏನು ಮಾಡ್ತೀರಿ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ_ಷಾರ್ಲೆಟ್: ಜುಲೈ ಎರಡನೇ ವಾರ ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಆರು ಜನ. ಡಿಸ್ನಿ ಎರಡು ದಿನ, ಯೂನಿವರ್ಸಲ್ ಒಂದು ದಿನ. ಡಿಸ್ನಿಯ ರೈಸ್ ಆಫ್ ದ ರೆಸಿಸ್ಟೆನ್ಸ್, ಯೂನಿವರ್ಸಲ್‌ನ ಹ್ಯಾಗ್ರಿಡ್ ಎರಡೂ ರೈಡು ಪದೇ ಪದೇ ನಿಲ್ಲುತ್ತವಂತೆ. ದುಡ್ಡು ಕೊಟ್ಟು ಡಿಸ್ನಿಯ ಲೈಟ್ನಿಂಗ್ ಲೇನ್ (ಉದ್ದ ಸಾಲು ತಪ್ಪಿಸೋ ಪಾಸ್) ತಗೊಳ್ಳೋದಾ, ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೇ ಹೋಗೋದಾ?

ಗೇಟ್‌ಮುಂದೆ_ಗೌಡ: ಬೆಳಿಗ್ಗೆಯೇ ಹೋಗ್ರಿ, ಎರಡು ಮಾತಿಲ್ಲ. ಫ್ಲೋರಿಡಾದ ಬೇಸಿಗೆ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬರೀ ಮಳೆಗೆ ಎಷ್ಟೋ ರೈಡು ಓಡುತ್ತವೆ, ಹತ್ತಿರದಲ್ಲಿ ಮಿಂಚು ಕಂಡರೆ ಹೊರಗಿನವೆಲ್ಲ ಬಂದ್. ಸ್ಲಿಂಕಿ ಡಾಗ್, ಟೆಸ್ಟ್ ಟ್ರ್ಯಾಕ್, ಸೆವೆನ್ ಡ್ವಾರ್ಫ್ಸ್, ಹ್ಯಾಗ್ರಿಡ್, ವೆಲೋಸಿಕೋಸ್ಟರ್ ಇವು ಹೊರಗಿನವು, ಆಯಾ ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿ. ಹಾಂಟೆಡ್ ಮ್ಯಾನ್ಷನ್, ಪೈರೇಟ್ಸ್, ಸ್ಪೇಸ್ ಮೌಂಟನ್ ಸೂರಿನಡಿ ಇರೋವು, ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮಿಂಚು ನಿಂತ ತಕ್ಷಣ ರೈಡು ಶುರುವಾಗಲ್ಲ ಅನ್ನೋದು ನೆನಪಿರಲಿ. ಖಾಲಿ ಗಾಡಿಗಳನ್ನು ಸುತ್ತಿಸಿ ನೋಡಿದ ಮೇಲೇ ಜನರನ್ನು ಹತ್ತಿಸೋದು. ಅರ್ಧ ಗಂಟೆ ಗುಡುಗಿದರೆ ಒಂದು ಗಂಟೆಗೂ ಮೀರಿ ಹೋಯಿತು ಅಂತಲೇ ಲೆಕ್ಕ.

ಪಾಸ್_ಪಕ್ಷಪಾತಿ: ಗೌಡರೇ, ಬೆಳಿಗ್ಗೆಯ ಪರೀಕ್ಷೆಯಲ್ಲೇ ದೋಷ ಸಿಕ್ಕಿ ರೈಡು ತಡವಾಗಿ ತೆರೆಯೋದು ಮಾಮೂಲು. ಆಗ ನಿಮ್ಮ ಸಾಲು ಏನಾಯ್ತು? ಕೈಯಲ್ಲಿ ಏನೂ ಇಲ್ಲ. ಲೈಟ್ನಿಂಗ್ ಲೇನಿನ ಮಲ್ಟಿ ಪಾಸ್ (ಹಲವು ರೈಡಿಗೆ) ಇದ್ದು ನಿಮ್ಮ ಸಮಯದಲ್ಲಿ ರೈಡು ಕೆಟ್ಟರೆ, ಅವತ್ತೇ ಅದು ಶುರುವಾದ ಮೇಲೆ, ಇಲ್ಲಾ ಅವರು ತೋರಿಸೋ ಬೇರೆ ರೈಡಿಗೆ ಅದೇ ಪಾಸ್ ನಡೆಯುತ್ತೆ. ಡಿಸ್ನಿ ಹೋಟೆಲಲ್ಲಿ ಇರೋರು 7 ದಿನ ಮೊದಲು, ಉಳಿದವರು 3 ದಿನ ಮೊದಲು ಮೂರು ರೈಡು ಹಿಡಿಯಬಹುದು. ಸಿಂಗಲ್ ಪಾಸ್ (ಒಂದೇ ರೈಡಿಗೆ) ಬೇರೆ ದುಡ್ಡು, ದರ ದಿನದಿನಕ್ಕೂ ಬದಲು. ತಲೆಗೆ 20 ಡಾಲರ್ ಅಂತಿಟ್ಟರೂ ಆರು ಜನಕ್ಕೆ 120, ತೆರಿಗೆ ಬೇರೆ. ಆದರೂ ಕೊಡಬೇಕು.

ಗೇಟ್‌ಮುಂದೆ_ಗೌಡ: ಒಂದು ರೈಡಿಗೆ 120 ಡಾಲರ್ ಕೊಟ್ಟವರೇ ಹೀಗೆ ಹೇಳೋದು. ಮುಂಜಾನೆ ಒಂದು ರೈಡು ಮುಚ್ಚಿದ್ದರೆ ಪಕ್ಕದ್ದಕ್ಕೆ ಹೋಗ್ತೀವಿ. ಅಷ್ಟು ಹೊತ್ತಿಗೆ ಅಲ್ಲೂ ಸಾಲು ಇರಲ್ಲ.

ಬ್ಲಾಕ್_ಬ್ರೇಕ್: ಇಬ್ಬರೂ ಸುಮ್ಮನಿರಿ. ಯಾಕೆ ನಿಲ್ಲುತ್ತೆ ಅನ್ನೋದು ಗೊತ್ತಿದ್ದರೆ ಕಾಯೋದೋ ಬಿಡೋದೋ ಅಂತ ನೀವೇ ಹೇಳಬಹುದು. ಹ್ಯಾಗ್ರಿಡ್‌ನಲ್ಲಿ 7 ಕಡೆ ಲಾಂಚ್ (ಗಾಡಿಯನ್ನು ಜೋರಾಗಿ ಮುಂದೆ ತಳ್ಳೋದು) ಇದೆ. ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರ್ತಾರೆ, ಒಂದು ಬ್ಲಾಕಿಗೆ ಒಂದೇ ಗಾಡಿ. ಮುಂದಿನ ಬ್ಲಾಕ್ ಖಾಲಿ ಅಂತ ಸೆನ್ಸರ್ ಹೇಳದಿದ್ದರೆ ಹಿಂದಿನದು ಹೊರಡಲ್ಲ, ಅದರ ಹಿಂದಿನದೂ ಇಲ್ಲ. ಹತ್ತೋದು ಚಲಿಸುವ ಪಟ್ಟಿಯ ಮೇಲಿಂದ. ಒಬ್ಬರು ಕೂರೋದು ತಡವಾದರೂ ಹಿಂದಿನ ಗಾಡಿಗಳೆಲ್ಲ ಸಾಲು ಸಾಲಾಗಿ ನಿಲ್ಲುತ್ತವೆ. ಇಂಥದ್ದು ಬೇಗ ಸರಿಹೋಗುತ್ತೆ, ಕಾಯಿರಿ. ಜನರನ್ನು ಪಕ್ಕದ ಮೆಟ್ಟಿಲಿಂದ ಕೆಳಗಿಳಿಸ್ತಿದ್ದರೆ ಕಾಯಬೇಡಿ, ಹೊರಡಿ.

ಗಂಟೆಗೆ 1,500 ಜನ ಸಾಗುವ ರೈಡು ಒಂದು ಗಂಟೆ ನಿಂತರೆ ಆ 1,500 ಜನ ಪಕ್ಕದ ಸಾಲುಗಳಿಗೆ ಹೋಗ್ತಾರೆ. ಹಾಗಾಗಿ ಆ್ಯಪಿನಲ್ಲಿ ‘ತಾತ್ಕಾಲಿಕವಾಗಿ ಮುಚ್ಚಿದೆ’ ಅಂತ ಬಂದ ಕೂಡಲೇ ಪಕ್ಕದ ರೈಡಿಗಲ್ಲ, ಪಾರ್ಕಿನ ಇನ್ನೊಂದು ತುದಿಗೆ ಹೋಗಿ.

ಯೇತಿ_ಅಭಿಮಾನಿ: ರೈಡು ಓಡ್ತಿದೆ ಅಂದರೆ ಪೂರ್ತಿ ಓಡ್ತಿದೆ ಅಂತಲ್ಲ. ಎಕ್ಸ್‌ಪೆಡಿಷನ್ ಎವರೆಸ್ಟ್ (ಡಿಸ್ನಿಯ ರೈಡು) 2006ರಲ್ಲಿ ತೆರೆಯಿತು. ಸ್ವಲ್ಪ ಕಾಲಕ್ಕೇ ಅದರೊಳಗಿನ ಯೇತಿ (ಹಿಮಮಾನವ) ಬೊಂಬೆಯ ಚಲನೆ ನಿಂತಿತು, ಆಮೇಲೆ ಅಲುಗಾಡ್ತಿದೆ ಅನ್ನಿಸೋ ಹಾಗೆ ವರ್ಷಗಟ್ಟಲೆ ಮಿನುಗು ದೀಪದಲ್ಲೇ ದೂಡಿದರು. ರೈಸ್‌ನಲ್ಲೂ ಒಂದು ಭಾಗ ಕೈಕೊಟ್ಟರೆ ಅದನ್ನು ಬಿಟ್ಟು ಉಳಿದದ್ದನ್ನು ಓಡಿಸ್ತಾರೆ. ದುಡ್ಡು ಮಾತ್ರ ಪೂರ್ತಿ. ಇದು ತಪ್ಪಲ್ವಾ?

ಬ್ಲಾಕ್_ಬ್ರೇಕ್: ಬೊಂಬೆ ಆಡದಿದ್ದರೆ ರೈಡನ್ನೇ ಮುಚ್ಚಬೇಕಾ? ಸಾವಿರಾರು ಜನ ನಿರಾಸೆಯಿಂದ ವಾಪಸ್ ಹೋಗಲಿ ಅಂತೀರಾ?

ಯೇತಿ_ಅಭಿಮಾನಿ: ಮುಚ್ಚಿ ಅಂದೆನಾ? ಮೊದಲೇ ಬೋರ್ಡು ಹಾಕಿ ಅಂದೆ. ಸರಿಯಾಗಿ ಓದಿ ಮಾತಾಡಿ.

ಟ್ಯಾಂಪಾ_ಅಕ್ಕ: ಜಗಳ ಸಾಕು. ಗುಡುಗಿದರೆ ಡಿಸ್ನಿಯ ಸ್ಕೈಲೈನರ್ (ತಂತಿಯ ಮೇಲೆ ಸಾಗೋ ತೂಗುಗಾಡಿ) ಕೂಡ ನಿಲ್ಲುತ್ತೆ. ಎಪ್ಕಾಟ್–ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳ ನಡುವೆ ದೋಣಿಯೂ ಮಿಂಚಿಗೆ ನಿಲ್ಲಬಹುದು, ಕಾಲುದಾರಿ ಇದೆ ಅಂತ ನೆನಪಿಡಿ. ಪಾಸಿನ ತಕರಾರಿಗೆ ನೀಲಿ ಛತ್ರಿ ಕೆಳಗೆ ಟ್ಯಾಬ್ಲೆಟ್ ಹಿಡಿದು ನಿಂತಿರೋ ಡಿಸ್ನಿ ಸಿಬ್ಬಂದಿ ಹತ್ತಿರ ಹೋಗಿ, ಗೇಟಿನ ತನಕ ನಡೀಬೇಡಿ. ಹತ್ತಿದ ಮೇಲೆ ಇಳಿಸಿದರೆ ಮರಳಿ ಬರೋ ಪಾಸ್ ಸಾಮಾನ್ಯವಾಗಿ ಕೊಡ್ತಾರೆ, ಕೇಳಿ ತಗೊಳ್ಳಿ. ಮಳೆ ಬಂತು ಅಂತ ಟಿಕೆಟ್ ದುಡ್ಡು ಮಾತ್ರ ವಾಪಸ್ ಬರಲ್ಲ. ಹಿರಿಯರಿದ್ದಾರೆ, ಚಿತ್ರಾನ್ನದ ಡಬ್ಬಿ ಇರಲಿ.

ಪಾಸ್_ಪಕ್ಷಪಾತಿ: ಅಕ್ಕ, ಡಿಸ್ನಿಯಲ್ಲಿ ಮನೆ ಊಟ ಬಿಡ್ತಾರೆ, ಗಾಜಿನ ಡಬ್ಬಿ ಆಗಲ್ಲ. ಯೂನಿವರ್ಸಲ್‌ನಲ್ಲಿ ನೀರು, ಸಣ್ಣ ತಿಂಡಿ ಅಷ್ಟೇ. ಆರು ಜನದ ಚಿತ್ರಾನ್ನ ಗೇಟಲ್ಲೇ ನಿಲ್ಲುತ್ತೆ.

ಟ್ಯಾಂಪಾ_ಅಕ್ಕ: ಪಥ್ಯದ ಊಟಕ್ಕೆ ಅಲ್ಲೂ ವಿನಾಯಿತಿ ಇದೆ ತಮ್ಮಾ, ಬಿಸಿ ಮಾಡೋ ಹಾಗಿರಬಾರದು ಅಷ್ಟೇ. ನಿಯಮ ಪೂರ್ತಿ ಓದು.