‘ಶೂನ್ಯ ಪ್ರಾಕ್ಕಲ್ಪನೆ’ಯನ್ನು ‘ಅಂಗೀಕರಿಸಲಾಗಿದೆ’ ಎನ್ನಬಹುದೇ?

ಶಿರಸಿಯಿಂದ ಪ್ರಶ್ನೆ

ನಮಸ್ಕಾರ. ಪದವಿ ತರಗತಿಗೆ ಸಂಖ್ಯಾಶಾಸ್ತ್ರದ ಟಿಪ್ಪಣಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕೆಲವು ಪದಗಳ ವಿಷಯದಲ್ಲಿ ತೊಡಕಾಗಿದೆ. ‘ನಲ್ ಹೈಪಾಥಿಸಿಸ್’ಗೆ ‘ಶೂನ್ಯ ಪ್ರಾಕ್ಕಲ್ಪನೆ’ ಎಂದು ಬರೆದರೆ ಅಲ್ಲಿ ಏನೋ ಒಂದು ಸೊನ್ನೆಯಾಗಿರಲೇಬೇಕು ಎಂದು ಮಕ್ಕಳು ತಿಳಿಯುತ್ತಾರೆ. ಲೆಕ್ಕದ ಕೊನೆಗೆ ‘ಅಂಗೀಕರಿಸಲಾಗಿದೆ’ ಎನ್ನುವುದು ಸರಿಯೇ? ‘ಪ್ರಪೋರ್ಷನ್’ ಅಂದರೆ ಅನುಪಾತವೋ ಸಮಾನುಪಾತವೋ? ‘ಸಿಗ್ನಿಫಿಕೆಂಟ್’ಗೆ ಗಣನೀಯ, ಸಾರ್ಥಕ, ಮಹತ್ವದ ಎಂದು ಮೂರೂ ಕಾಣುತ್ತವೆ, ಯಾವುದನ್ನು ಇಟ್ಟುಕೊಳ್ಳುವುದು? ಅಡಿಕೆಯ ಉದಾಹರಣೆಯೊಂದಿಗೆ ತಿಳಿಸಿದರೆ ಅನುಕೂಲ.

ಕಾರವಾರದಿಂದ ಉತ್ತರ

ಅಕ್ಕೋರೇ, ನಮಸ್ಕಾರ. ಮೊದಲು ಲೆಕ್ಕ ಮಾಡಿಬಿಡೋಣ. ಯಾವ ಪದ ಎಲ್ಲಿ ಕೈಕೊಡುತ್ತದೆ ಎಂಬುದು ಲೆಕ್ಕದ ನಡುವೆಯೇ ಗೊತ್ತಾಗುತ್ತದೆ.

ಚಾಲಿ ಅಡಿಕೆಯ (ಒಣಗಿಸಿ ಸುಲಿದ ಹಣ್ಣಡಿಕೆಯ) ರಾಶಿಯೊಂದರಲ್ಲಿ ಕೋಕಾ, ಅಂದರೆ ಕೆಟ್ಟ ಕೀಳು ಅಡಿಕೆ, ನೂರಕ್ಕೆ 10ಕ್ಕಿಂತ ಹೆಚ್ಚಿಲ್ಲ ಎಂದು ಮಾರುವವರ ಮಾತು. ಹೆಚ್ಚಿದೆ ಎಂಬುದು ಕೊಳ್ಳುವವರ ಅನುಮಾನ. ಬೇರೆ ಬೇರೆ ಚೀಲಗಳಿಂದ ಒಟ್ಟು 200 ಅಡಿಕೆ ತೆಗೆದು ಆರಿಸಿದಾಗ 28 ಕೋಕಾ ಸಿಕ್ಕಿತು, ಅಂದರೆ 0.14. ಇಲ್ಲಿ ಕನ್ನಡದ ಲೆಕ್ಕದ ಹಳೆಯ ಮಾತೊಂದು ತಾನಾಗಿ ಬರುತ್ತದೆ: ‘ರಾಶಿಯಲ್ಲಿ ಕೋಕಾ ನೂರಕ್ಕೆ 10 ಎಂದಿಟ್ಟುಕೊಳ್ಳೋಣ.’ ನಲ್ ಹೈಪಾಥಿಸಿಸ್ ಎಂದರೆ ಇದೇ. ವಾದಕ್ಕಾಗಿ ಇಟ್ಟುಕೊಂಡ ಮಾತು, ನಂಬಿದ ಮಾತಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಈ ಹೆಸರನ್ನು ಚಾಲ್ತಿಗೆ ತಂದಾಗಲೂ ಅದನ್ನು ಸುಳ್ಳೆಂದು ತೋರಿಸಬಹುದೇ ಹೊರತು ನಿಜವೆಂದು ಸಾಧಿಸಲು ಬರುವುದಿಲ್ಲ ಎಂದೇ ವಿವರಿಸಿದ್ದರು. ‘ನಲ್’ಗೆ ಕಾನೂನಿನ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇದೆ: ಅಸಿಂಧು. ಅಸಿಂಧು ಮಾಡಲು ಬರುತ್ತದೆಯೇ ಎಂದು ನೋಡುವುದಕ್ಕೆ ಮುಂದಿಟ್ಟ ಮಾತು ಎಂದು ವಿವರಿಸಿದರೆ ಸೊನ್ನೆಯ ಗೊಂದಲ ಹೋಗುತ್ತದೆ. ಪರೀಕ್ಷೆಯ ಉತ್ತರಕ್ಕೆ ‘ಶೂನ್ಯ ಪ್ರಾಕ್ಕಲ್ಪನೆ’ ಇರಲಿ, ಆ ಹೆಸರು ರೂಢಿಗೆ ಬಂದಾಗಿದೆ. ವಿವರಣೆಯಲ್ಲಿ ‘ಇಟ್ಟುಕೊಂಡ ಮಾತು’ ಬರಲಿ. ‘ಪರಿಕಲ್ಪನೆ’ ಮಾತ್ರ ಖಂಡಿತ ಬೇಡ, ಅದು ‘ಕಾನ್ಸೆಪ್ಟ್’ಗೆ ನೆಲೆನಿಂತ ಪದ.

ಪದ ಸರಿಯಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ ಎನ್ನುವುದಕ್ಕೆ ಮುಂದಿನ ಹೆಜ್ಜೆ ನೋಡಿ. ಮಾನಕ ದೋಷ (ಸ್ಟ್ಯಾಂಡರ್ಡ್ ಎರರ್) ಬೇಕು, ಅಂದರೆ ಬೇರೆ ಬೇರೆ 200 ಅಡಿಕೆ ಹೆಕ್ಕಿದಾಗ ಉತ್ತರ ಎಷ್ಟು ಏರಿಳಿಯುತ್ತದೆ ಎಂಬ ಅಳತೆ. ನೂರಕ್ಕೆ 10 ಎಂದು ಇಟ್ಟುಕೊಂಡಾಗಿದೆಯಲ್ಲ, ಹಾಗಾಗಿ ಸೂತ್ರದೊಳಗೆ ಹೋಗಬೇಕಾದ್ದೂ 0.10 ಮಾತ್ರ: 0.10 × 0.90 ÷ 200, ಅದರ ವರ್ಗಮೂಲ 0.0212. 0.14ಕ್ಕೂ 0.10ಕ್ಕೂ ಇರುವ ವ್ಯತ್ಯಾಸ 0.04ನ್ನು ಇದರಿಂದ ಭಾಗಿಸಿದರೆ ಝಡ್ 1.89, ಅಂದರೆ ವ್ಯತ್ಯಾಸ ಮಾನಕ ದೋಷದ 1.89 ಪಟ್ಟು. ಹೆಚ್ಚಿದೆಯೇ ಎಂಬ ಒಂದು ಬದಿಯ ಪರೀಕ್ಷೆಗೆ ಶೇಕಡಾ 5ರ ಗಡಿ (ಇಟ್ಟುಕೊಂಡ ಮಾತು ನಿಜವಿದ್ದೂ ನೂರಕ್ಕೆ ಐದು ಸಲ ಮಾತ್ರ ದಾಟುವ ಗಡಿ) 1.645, ಅದನ್ನು ದಾಟಿತು. ಮಕ್ಕಳು ಮಾಡುವುದೇನೆಂದರೆ ಎಣಿಸಿ ಸಿಕ್ಕ 0.14ನ್ನೇ ಸೂತ್ರಕ್ಕೆ ಹಾಕುತ್ತಾರೆ. ಆಗ ಮಾನಕ ದೋಷ 0.0245, ಝಡ್ 1.63, ಗಡಿ ದಾಟಲೇ ಇಲ್ಲ! ಅದೇ ಅಡಿಕೆ, ಅದೇ ಎಣಿಕೆ, ತೀರ್ಮಾನ ಮಾತ್ರ ತಿರುಗುಮುರುಗು. ‘ಏನೆಂದು ಇಟ್ಟುಕೊಂಡಿದ್ದೆವು?’ ಎಂದು ಒಮ್ಮೆ ಕೇಳಿಕೊಂಡರೆ ಈ ತಪ್ಪು ಆಗುವುದಿಲ್ಲ. 0.14 ಹಾಕಬೇಕಾದ್ದು ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್, ನಿಜವಾದ ಪಾಲಿಗೆ ಅಂದಾಜಿನ ಮೇಲಿನ ಕೆಳಗಿನ ಮಿತಿ) ಕಟ್ಟುವಾಗ, ಏಕೆಂದರೆ ಅಲ್ಲಿ ಇಟ್ಟುಕೊಂಡ ಮಾತೇ ಇರುವುದಿಲ್ಲ.

‘ಏಕಪುಚ್ಛ’, ‘ದ್ವಿಪುಚ್ಛ’ಗಳಿಗಿಂತ ‘ಒಂದು ಬದಿ’, ‘ಎರಡು ಬದಿ’ ಸಾಕು. ಎರಡು ಬದಿಯಾದರೆ ಗಡಿ 1.96, ನಮ್ಮ 1.89 ದಾಟುವುದಿಲ್ಲ. ಆದ್ದರಿಂದ ಎಷ್ಟು ಬದಿ ಎಂಬುದನ್ನು ಅಡಿಕೆ ಎಣಿಸುವ ಮೊದಲೇ ಬರೆದಿಡಬೇಕು. ಎಣಿಸಿ ಆದ ಮೇಲೆ ಬದಿ ಆರಿಸಿಕೊಂಡರೆ ಶೇಕಡಾ 5 ಎಂದು ಹಾಕಿಕೊಂಡ ಮಿತಿಗೆ ಅರ್ಥವೇ ಉಳಿಯುವುದಿಲ್ಲ.

ಪಿ ಮೌಲ್ಯದ ವಿವರಣೆಗೆ ಕನ್ನಡದ ವಾಕ್ಯರಚನೆ ಬಹಳ ಅನುಕೂಲ. ನಮ್ಮಲ್ಲಿ ‘ಆದರೆ’ ಎಂಬ ಷರತ್ತು ಮುಂಚೆ ಬರುತ್ತದೆ. ‘ರಾಶಿಯಲ್ಲಿ ಕೋಕಾ ನೂರಕ್ಕೆ 10 ಇರುವುದೇ ನಿಜವಾದರೆ, 200 ಅಡಿಕೆಯಲ್ಲಿ 28 ಅಥವಾ ಅದಕ್ಕೂ ಹೆಚ್ಚು ಕೋಕಾ ಸಿಗುವ ಸಂಭವ’, ಝಡ್ ಪಟ್ಟಿಯ ಪ್ರಕಾರ ಸುಮಾರು 0.03. ಇದನ್ನು ‘ಮಾರುವವರ ಮಾತು ನಿಜವಾಗಿರುವ ಸಂಭವ ಶೇಕಡಾ 3’ ಎಂದು ಬರೆದರೆ ಪೂರ್ತಿ ತಪ್ಪು. ಗಣಿತದಲ್ಲಿ ‘ಎಕ್ಸ್‌ನ ಬೆಲೆ’ ಎನ್ನುತ್ತೇವೆ, ಸರಿ. ಆದರೆ ಅಡಿಕೆಯ ಲೆಕ್ಕದಲ್ಲಿ ‘ಪಿ ಬೆಲೆ’ ಎಂದರೆ ದರ ಎಂದೇ ಕೇಳಿಸುತ್ತದೆ, ‘ಮೌಲ್ಯ’ ಇರಲಿ.

ಈಗ ‘ಅಂಗೀಕರಿಸಲಾಗಿದೆ’. ಬೇಡ. 200ರ ಬದಲು 100 ಅಡಿಕೆ ತೆಗೆದು 14 ಕೋಕಾ ಬಂದಿದ್ದರೆ ಪಾಲು ಅದೇ 0.14, ಝಡ್ ಮಾತ್ರ 1.33, ಗಡಿಯೊಳಗೇ ಉಳಿಯಿತು. ಅಷ್ಟಕ್ಕೆ ರಾಶಿ ಚೆನ್ನಾಗಿದೆ ಎಂದು ಒಪ್ಪಿದಂತಾಯಿತೇ? ಎಣಿಸಿದ್ದು ಸಾಲಲಿಲ್ಲ, ಅಷ್ಟೆ. ‘ತಳ್ಳಿಹಾಕಲು ಆಧಾರ ಸಾಲದು’ ಎಂದು ಬರೆಯಿಸಿ. ‘ತಿರಸ್ಕರಿಸಲಾಗದು’ ಎನ್ನುವುದೂ ಅಪಾಯವೇ, ‘ಎಂದೆಂದಿಗೂ ತಿರಸ್ಕರಿಸಬಾರದು’ ಎಂಬ ಧ್ವನಿ ಅದರಲ್ಲಿದೆ.

ಅನುಪಾತ ಎಂದರೆ ಶಾಲೆಯಲ್ಲಿ 2:3, ಸಮಾನುಪಾತ ಎಂದರೆ ಎರಡು ಅನುಪಾತ ಸಮವಾಗಿರುವುದು, ಥೇಲ್ಸ್ ಪ್ರಮೇಯಕ್ಕಿರುವ ‘ಮೂಲ ಸಮಾನುಪಾತತೆಯ ಪ್ರಮೇಯ’ ಎಂಬ ಹೆಸರಲ್ಲೂ ಅದೇ ಅರ್ಥ. 28 ಕೋಕಾಕ್ಕೆ 172 ಒಳ್ಳೆಯದು ಎಂಬುದು ಅನುಪಾತ. 200ರಲ್ಲಿ 28 ಎಂಬುದು ‘ಪಾಲು’. ತೋಟದ ಮನೆಯ ಮಕ್ಕಳಿಗೆ ಪಾಲು ಏನೆಂದು ಹೇಳಿಕೊಡಬೇಕಾಗಿಲ್ಲ. ಹಾಗೆಯೇ ‘ಪಾಪ್ಯುಲೇಶನ್’ಗೆ ‘ಜನಸಂಖ್ಯೆ’ ಎಂದು ಬರೆದ ಟಿಪ್ಪಣಿಗಳಿವೆ, ಅಡಿಕೆಗೆ ಜನಸಂಖ್ಯೆ ಎಲ್ಲಿಂದ ಬರಬೇಕು? ‘ಸಮಷ್ಟಿ’ ಎನ್ನಿ.

‘ಸಿಗ್ನಿಫಿಕೆಂಟ್’ಗೆ ನನ್ನ ಮತ ‘ಸಾರ್ಥಕ’ಕ್ಕೆ. ‘ಬಾಳು ಸಾರ್ಥಕ’ ಎಂಬ ಬಳಕೆ ಅಡ್ಡ ಬರುತ್ತದೆ ನಿಜ, ಆದರೂ ಪದದೊಳಗೆ ಇರುವುದು ‘ಅರ್ಥವುಳ್ಳದ್ದು, ಏನನ್ನೋ ಸೂಚಿಸುವಂಥದ್ದು’ ಎಂಬುದೇ. ‘ಗಣನೀಯ’ ಎಂದರೆ ಓದುವವರಿಗೆ ‘ದೊಡ್ಡದು’. ಇಪ್ಪತ್ತು ಸಾವಿರ ಅಡಿಕೆ ಎಣಿಸಿ ಕೋಕಾ ಶೇಕಡಾ 10.5 ಎಂದು ಬಂದರೆ ಝಡ್ 2.36, ಗಡಿ ದಾಟುತ್ತದೆ. ಆ ಅರ್ಧ ಪರ್ಸೆಂಟಿಗೆ ರಾಶಿಯ ದರದಲ್ಲಿ ಹೇಳಿಕೊಳ್ಳುವಂಥ ಫರಕು ಬರದು. ವ್ಯತ್ಯಾಸ ಸಾರ್ಥಕ, ಆದರೆ ಗಣನೀಯವಲ್ಲ. ಎರಡು ಪದ ನಮ್ಮಲ್ಲಿರುವಾಗ ಬೇರೆ ಬೇರೆ ಇಟ್ಟುಕೊಳ್ಳುವುದೇ ಒಳ್ಳೆಯದು.

‘ಎರರ್’ ಕೂಡ ಹಾಗೆಯೇ. ಮಾನಕ ದೋಷದಲ್ಲಿ ಯಾರ ತಪ್ಪೂ ಇಲ್ಲ, ಹೆಕ್ಕಿದ ಅಡಿಕೆಗಳಿಂದ ಬರುವ ಏರಿಳಿತ ಅದು. ಒಳ್ಳೆಯ ರಾಶಿಯನ್ನು ವಾಪಸು ಕಳಿಸಿದರೆ ಮೊದಲ ಬಗೆಯ ತಪ್ಪು, ಕೆಟ್ಟದ್ದನ್ನು ಕೊಂಡುಬಿಟ್ಟರೆ ಎರಡನೇ ಬಗೆಯ ತಪ್ಪು. ‘ಪ್ರಥಮ ದರ್ಜೆ ದೋಷ’ ಎಂದು ಮಾತ್ರ ಬರೆಯಬೇಡಿ, ದರ್ಜೆ ಎಂದ ಕೂಡಲೇ ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದಾಗುತ್ತದೆ.

ಕುಮಟೆಯಿಂದ

‘ಇಟ್ಟುಕೊಂಡ ಮಾತು’ ಚೆನ್ನಾಗಿದೆ. ಅದರ ಜೋಡಿಯಾದ ‘ಆಲ್ಟರ್ನೇಟಿವ್ ಹೈಪಾಥಿಸಿಸ್’ಗೆ (ಇಲ್ಲಿ ಕೋಕಾ ಹೆಚ್ಚಿದೆ ಎಂಬ ಅನುಮಾನಕ್ಕೆ) ‘ಎದುರು ಮಾತು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಹಿರಿಯರಿಗೆ ತಿರುಗಿ ಆಡುವ ಮಾತು. ‘ಬದಲಿ ಮಾತು’ ಸಾಕು.

200 ಅಡಿಕೆಯನ್ನು ಬೇರೆ ಬೇರೆ ಚೀಲಗಳಿಂದ ತೆಗೆದರು ಎಂಬುದನ್ನು ಟಿಪ್ಪಣಿಯಲ್ಲಿ ಒತ್ತಿ ಬರೆಯಿರಿ. ಒಂದೇ ಅಂಗಳದಲ್ಲಿ ಒಣಗಿದ ಅಡಿಕೆ ಮಳೆಗೆ ಸಿಕ್ಕಿದರೆ ಒಟ್ಟಿಗೇ ಕೆಡುತ್ತದೆ. ಒಂದೇ ಚೀಲದ ಬಾಯಿಂದ 200 ತೆಗೆದರೆ ಅವು ಒಂದನ್ನೊಂದು ಹೋಲುತ್ತವೆ, ಮಾನಕ ದೋಷ ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ. ಇನ್ನು ಝಡ್ ಪಟ್ಟಿ ನೋಡಬೇಕಾದರೆ ಇಟ್ಟುಕೊಂಡ ಪಾಲಿನ ಪ್ರಕಾರ ಕೋಕಾವೂ ಒಳ್ಳೆಯದೂ ಕನಿಷ್ಠ ಹತ್ತತ್ತು ಇರಬೇಕು. ಇಲ್ಲಿ 20 ಮತ್ತು 180, ತೊಂದರೆಯಿಲ್ಲ. 40 ಅಡಿಕೆಯಾದರೆ ಕೋಕಾ 4 ಮಾತ್ರ, ಆಗ ದ್ವಿಪದ ವಿತರಣೆಯಿಂದಲೇ (ಬೈನಾಮಿಯಲ್ ಡಿಸ್ಟ್ರಿಬ್ಯೂಶನ್) ಲೆಕ್ಕ ಹಾಕಬೇಕು.

ಸರಾಸರಿಯ ಪರೀಕ್ಷೆಗೆ ಕಾಳುಮೆಣಸಿನ ಪ್ಯಾಕೆಟ್ ತೆಗೆದುಕೊಳ್ಳಿ. ಮೇಲೆ 500 ಗ್ರಾಂ ಎಂದಿದೆ. 16 ಪ್ಯಾಕೆಟ್ ತೂಗಿದರೆ ಸರಾಸರಿ 496, ಮಾನಕ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್) 8 ಗ್ರಾಂ. ಅದನ್ನು 16ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 8 ÷ 4, ಅಂದರೆ 2. ಟಿ ಮೌಲ್ಯ ಮೈನಸ್ 2. ತೂಕ ಹೆಚ್ಚಾದರೆ ಮಾರುವವರಿಗೆ ನಷ್ಟ, ಕಡಿಮೆಯಾದರೆ ಕೊಳ್ಳುವವರಿಗೆ ಮೋಸ, ಆದ್ದರಿಂದ ಎರಡು ಬದಿ. ಝಡ್ ಪಟ್ಟಿಯ 1.96 ನೋಡಿದರೆ ತಳ್ಳಿಹಾಕುತ್ತೀರಿ. ನೋಡಬೇಕಾದ್ದು ಟಿ ಪಟ್ಟಿ, 15ರ (16ಕ್ಕೆ ಒಂದು ಕಡಿಮೆ) ಸಾಲು, ಅಲ್ಲಿ ಗಡಿ 2.131. ತಳ್ಳಿಹಾಕಲು ಆಧಾರ ಸಾಲದು. ವಿಚಲನೆ 8 ಎಂಬುದೂ ಆ 16 ಪ್ಯಾಕೆಟ್‌ಗಳಿಂದಲೇ ಅಂದಾಜು ಮಾಡಿದ್ದು, ಅದರ ಅನಿಶ್ಚಯಕ್ಕಾಗಿ ಗಡಿ ದೂರ ಸರಿಯುತ್ತದೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗೊಸೆಟ್ ‘ಸ್ಟೂಡೆಂಟ್’ ಎಂಬ ಹೆಸರಲ್ಲಿ 1908ರಲ್ಲಿ ಪ್ರಕಟಿಸಿದ್ದು ಇಂಥ ಸಣ್ಣ ಎಣಿಕೆಗಳ ಲೆಕ್ಕವನ್ನೇ.

ಇಂಗ್ಲಿಷಿನಲ್ಲಿ ‘ಡಿಗ್ರೀಸ್ ಆಫ್ ಫ್ರೀಡಂ’ ಎನ್ನುವ ಆ 15ಕ್ಕೆ ‘ಸ್ವಾತಂತ್ರ್ಯದ ಮಟ್ಟ’ ಎಂದು ಬರೆಯುವುದುಂಟು. ಮಟ್ಟ ಎಂದರೆ ಎತ್ತರ ತಗ್ಗು ನೆನಪಾಗುತ್ತದೆ, ಇಲ್ಲಿ ಇರುವುದು ಬರೀ ಎಣಿಕೆ. ಸರಾಸರಿಯಿಂದ 16 ಪ್ಯಾಕೆಟ್‌ಗಳ ವ್ಯತ್ಯಾಸ ಕೂಡಿಸಿದರೆ ಸೊನ್ನೆಯಾಗಲೇಬೇಕು. ಹದಿನೈದನ್ನು ಹೇಗೆ ಬೇಕಾದರೂ ಬರೆಯಿರಿ, ಹದಿನಾರನೆಯದು ತಾನಾಗಿ ಗೊತ್ತಾಗುತ್ತದೆ. ‘ಬಿಡುವೆಣಿಕೆ’ ಎಂದರೆ ಹೇಗೆ, ಅಕ್ಕೋರೇ?