ರಿಕಂಬೆಂಟ್, ಟ್ರೈಕ್‌ಗೆ ಯಾವ ರಿಪೇರಿ ಸ್ಟ್ಯಾಂಡ್? ಮಾದೇಶಣ್ಣನನ್ನು ಕೇಳಿ

ಪ್ರಕಾಶ್, ಕುವೆಂಪುನಗರ: ಮಾದೇಶಣ್ಣ, ಎರಡು ಚಕ್ರದ ರಿಕಂಬೆಂಟ್ ತೆಗೆದುಕೊಂಡೆ, ಒರಗಿ ಕೂತು ತುಳಿಯುವುದು. ಫೋಟೋ ಹಾಕಿದ್ದೇನೆ. ಮನೆಯಲ್ಲೇ ಗೇರ್ ಸೆಟ್ ಮಾಡಲು ಮಾಮೂಲಿ ಕ್ಲ್ಯಾಂಪ್ ಸ್ಟ್ಯಾಂಡ್ ಸಾಕಾ?

ಮಾದೇಶ, ಸೈಕಲ್ ಮೆಕ್ಯಾನಿಕ್, ಮೈಸೂರು: ಸಾಕಾಗುವುದಿಲ್ಲ. ಆ ಸ್ಟ್ಯಾಂಡ್ ಹಿಡಿಯುವುದು ಸೀಟಿನ ಕೆಳಗಿನ ಪೈಪನ್ನು, ನಿಮ್ಮದರಲ್ಲಿ ಆ ಪೈಪೇ ಇಲ್ಲ. ಮುಂದಿನ ಚಕ್ರ ಬಿಚ್ಚಿ ಫೋರ್ಕ್ ಸಿಕ್ಕಿಸುವ ಸ್ಟ್ಯಾಂಡೂ ಬೇಡ. ಅದರಲ್ಲಿ ಪೆಡಲ್ ಬುಡ ಫೋರ್ಕಿನ ಹಿಂದೆ ಬಂದು ಕೂರಬೇಕು, ನಿಮ್ಮ ಗಾಡಿಯಲ್ಲಿ ಪೆಡಲ್ ಇರುವುದೇ ಮುಂದಿನ ಚಕ್ರಕ್ಕಿಂತ ಮುಂದೆ. ಹಿಂದಿನ ಚಕ್ರ ಮಾತ್ರ ಎತ್ತಿ ಹಿಡಿಯುವ ಸಣ್ಣ ಸ್ಟ್ಯಾಂಡ್ ಬರುತ್ತದೆ. ಗೇರ್ ಕೆಲಸಕ್ಕೆ ಅದು ಧಾರಾಳ.

ಲತಾ: ಮೂರು ಚಕ್ರದ ಟ್ರೈಕ್‌ಗೂ ಅದೇನಾ ಅಣ್ಣ? ಮುಂದೆ ಎರಡು ಚಕ್ರ ಇರುವುದು.

ಮಾದೇಶ: ಅದೇ. ಪಾರ್ಕಿಂಗ್ ಬ್ರೇಕ್ ಹಾಕಿ ಹಿಂದೆ ಎತ್ತಿ. ಮುಂದಿನ ಚಕ್ರಗಳಿಗೆ ಆಕ್ಸಲ್ ಒಂದೇ ಕಡೆಯಿಂದ ಬರುತ್ತದೆ, ಹಾಗಾಗಿ ಅಡ್ಡಪಟ್ಟಿ ಕೆಳಗೆ ಮರದ ದಿಮ್ಮಿ ಕೊಟ್ಟರೆ ಚಕ್ರ ಪಕ್ಕಕ್ಕೆ ಬಿಚ್ಚಿ ಬರುತ್ತದೆ.

ರಮೇಶ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ. "ಸ್ಟ್ಯಾಂಡ್‌ಗೆ ದುಡ್ಡು ದಂಡ ಬೇಡ! ಫ್ಯಾನ್ ಕೊಕ್ಕೆಗೆ ಹಗ್ಗ ಕಟ್ಟಿ ತೂಗುಹಾಕಿ. ಚೈನ್‌ಗೆ ಕೊಬ್ಬರಿ ಎಣ್ಣೆ, ಬ್ರೇಕ್ ಡಿಸ್ಕ್‌ಗೆ ಡೀಸೆಲ್."

ಮಾದೇಶ: ಡಿಸ್ಕ್‌ಗೆ ಡೀಸೆಲ್ ಹಾಕಿದವರು ಚಾಮುಂಡಿ ಬೆಟ್ಟ ಇಳಿಯುವ ಮೊದಲು ಮನೆಯವರಿಗೆ ಹೇಳಿ ಹೋಗಿ. ಎಣ್ಣೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ. ಫ್ಯಾನ್ ಕೊಕ್ಕೆಗೆ ಫ್ಯಾನ್ ಹಾಕಿ.

ಶಿವಲಿಂಗು, ಮಂಡ್ಯ: ಸಾರ್, ನನ್ನ ಟ್ರೈಕನ್ನು ಗೆಳೆಯನ ಕ್ಲ್ಯಾಂಪ್ ಸ್ಟ್ಯಾಂಡ್‌ಗೆ ಹಾಕಿದ್ದೆ, ಮುಂದಿನ ಬೂಮ್, ಅಂದರೆ ಪೆಡಲ್ ಇರುವ ಪೈಪನ್ನು ಹಿಡಿಸಿ. ಜಾರುತ್ತಿತ್ತು, ಬಿಗಿ ಮಾಡಿದೆ. ಈಗ ಅಲ್ಲಿ ಸಣ್ಣ ತಗ್ಗು ಬಿದ್ದಿದೆ. ಜೋರಾಗಿ ತುಳಿದರೆ ಟಕ್ ಅನ್ನುತ್ತದೆ. ಓಡಿಸಬಹುದಾ?

ಮಾದೇಶ: ಓಡಿಸಬೇಡಿ. ಇದು ಉಳಿದ ಪ್ರಶ್ನೆಗಳ ಥರ ಅಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ. ಪೆಡಲ್ ಇರುವುದು ಬೂಮ್ ತುದಿಯಲ್ಲಿ. ನೀವು ಬೆನ್ನು ಸೀಟಿಗೆ ಕೊಟ್ಟು ಒದ್ದಷ್ಟೂ ಬಲ, ಚೈನ್ ಎಳೆತ, ಎಲ್ಲವೂ ಆ ಪೈಪಿನ ಮೇಲೇ ಬೀಳುತ್ತದೆ. ಪೈಪಿನ ಗೋಡೆ ತೆಳು. ಕ್ಲ್ಯಾಂಪ್ ಅದನ್ನು ಒಂದು ಕಡೆ ಹಿಸುಕಿದಾಗ ಟ್ರೈಕಿನ ಉಳಿದ ಭಾರ ಉದ್ದಕ್ಕೆ ಆಚೆ ನೇತಾಡುತ್ತಿರುತ್ತದೆ. ಸ್ಟ್ಯಾಂಡ್ ಡಬ್ಬಿ ಮೇಲೆ ಬರೆದ ಕೆಜಿ ಲೆಕ್ಕ ಇಲ್ಲಿ ನಂಬುವ ಹಾಗಿಲ್ಲ, ಭಾರಕ್ಕಿಂತ ಅದು ಎಷ್ಟು ದೂರದಲ್ಲಿದೆ ಅನ್ನುವುದೇ ಮುಖ್ಯ. ತಗ್ಗು ಬಿದ್ದ ಜಾಗದಲ್ಲೇ ಬಲ ಬಂದು ಸೇರುತ್ತದೆ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಮೊದಲು ಆಯಸ್ಕಾಂತ ಇಟ್ಟು ನೋಡಿ. ಅಂಟಿದರೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು, ಪೇಂಟಿನಲ್ಲಿ ಕೂದಲೆಳೆ ಗೆರೆ ಇದೆಯಾ ನೋಡಿ. ಬೂಮ್ ಎಷ್ಟು ಹೊರಗೆ ಇತ್ತು ಅಂತ ಗುರುತು ಹಾಕಿಕೊಂಡು ಹೊರಗೆಳೆಯಿರಿ. ಟಕ್ ಸದ್ದು ಬೂಮ್ ಬಿಗಿಸುವ ಬೋಲ್ಟ್ ಸಡಿಲವಾಗಿಯೂ ಬರಬಹುದು, ಹಾಗಾಗಲಿ ಅಂತಲೇ ಆಸೆ. ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಲು ಹೋಗಬೇಡಿ.

ಕಿರಣ್: 20 ಇಂಚಿನ ಟೈರ್ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ?

ರಮೇಶ್: ತಲೆಕೆಳಗೆ ನಿಲ್ಲಿಸಿದರೆ ಆಯಿತಲ್ಲ, ಸುಮ್ನೆ ಯಾಕೆ ಇಷ್ಟೊಂದು? ಮಲಗಿಕೊಂಡು ತುಳಿಯುವುದು ಸೈಕಲ್ಲೇ ಅಲ್ಲ ಬಿಡಿ.

ಲತಾ: 1933ರಲ್ಲಿ ಫ್ರಾನ್ಸಿಸ್ ಫೋರ್ ಇಂಥದ್ದರಲ್ಲೇ ಗಂಟೆಗೆ 45 ಕಿಲೋಮೀಟರ್ ದಾಟಿ ದಾಖಲೆ ಮಾಡಿದ್ದು. ಮರುವರ್ಷ ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಇಂಥ ಸೈಕಲ್‌ಗಳನ್ನು ರೇಸ್‌ನಿಂದ ಹೊರಗೆ ಹಾಕಿತು. ಸೋತವರು ನಿಮ್ಮ ಮಾತೇ ಆಡಿರಬೇಕು.

ರಮೇಶ್: ಅಷ್ಟು ವೇಗ ಇದ್ದರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿ ತೋರಿಸಿ ಮೇಡಂ.

ಕಿರಣ್: 2023ರ ಆಗಸ್ಟ್‌ನಿಂದ ಅಲ್ಲಿ ಬೈಕ್, ಆಟೋಗಳನ್ನೇ ಬಿಡುವುದಿಲ್ಲ, ಸೈಕಲ್ ಎಲ್ಲಿಂದ ಬಂತು? ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ಗೊತ್ತಿಲ್ಲದೆ ಮಾತಾಡಬೇಡಿ.

ರಮೇಶ್: ನಿಮ್ಮನ್ನು ಕೇಳಲಿಲ್ಲ.

ಮಾದೇಶ: ಜಗಳ ಪಕ್ಕದಲ್ಲಿ ಇಟ್ಟುಕೊಳ್ಳಿ. ತಲೆಕೆಳಗೆ ಮಾಡಿದರೆ ಸೀಟು, ಕನ್ನಡಿ, ಹ್ಯಾಂಡಲ್ ನೆಲಕ್ಕೆ ಬರುತ್ತವೆ. ಹೈಡ್ರಾಲಿಕ್ ಬ್ರೇಕ್‌ನಲ್ಲಿ ಗಾಳಿ ಇದ್ದರೆ ಪೈಪಿಗೆ ಏರಿ ಲಿವರ್ ಮೆತ್ತಗಾಗುತ್ತದೆ.

ಪ್ರಕಾಶ್: ಚೈನ್ ತೊಳೆಯುವುದು ಹೇಗೆ ಅಣ್ಣ? ಮೂರು ಸೈಕಲ್‌ನಷ್ಟು ಉದ್ದ ಇದೆ.

ಸುಮಂತ್: ಟ್ರೈಕ್‌ಗೆ ಕ್ಲ್ಯಾಂಪ್ ಸ್ಟ್ಯಾಂಡ್ ನಡೆಯುತ್ತದಾ? ಎಷ್ಟು ಬೀಳಬಹುದು?

ಮಾದೇಶ: ಮೇಲೆ ಹೋಗಿ ಓದಿ.

ಸುಮಂತ್: ಒಂದು ಮಾತು ಹೇಳಿದರೆ ಏನು ಕಳೆದುಕೊಳ್ಳುತ್ತೀರಿ ಸಾರ್?

ಮಾದೇಶ: ಎರಡು ಸಲ ಹೇಳಿದ್ದೇನೆ.

ಶಿವಲಿಂಗು: ಆಯಸ್ಕಾಂತ ಅಂಟಲಿಲ್ಲ ಸಾರ್. ತಗ್ಗಿನ ಪಕ್ಕ ಪೇಂಟಿನಲ್ಲಿ ಗೆರೆ ಇದೆ. ಇಲ್ಲಿ ವೆಲ್ಡಿಂಗ್ ಅಂಗಡಿಯವರು ಹತ್ತು ನಿಮಿಷದ ಕೆಲಸ ಅಂತಾರೆ.

ಮಾದೇಶ: ಬೇಡ. ಫ್ರೇಮಿನ ಅಲ್ಯೂಮಿನಿಯಂ ಸಾಮಾನ್ಯವಾಗಿ ಬಿಸಿ ಕೊಟ್ಟು ಗಟ್ಟಿ ಮಾಡಿದ್ದು. ವೆಲ್ಡಿಂಗ್ ಕಾವಿಗೆ ಅಕ್ಕಪಕ್ಕದ ಜಾಗ ಮೆತ್ತಗಾಗುತ್ತದೆ, ನೋಡಲು ಮಾತ್ರ ಚೆನ್ನಾಗಿರುತ್ತದೆ. ಬೂಮ್ ಬೇರೆ ಬಿಡಿಭಾಗ, ಅದೊಂದನ್ನೇ ಬದಲಾಯಿಸಬಹುದು. ಬಿಚ್ಚಿದ ಬೂಮ್ ಮಾತ್ರ ಬಸ್ಸಿನಲ್ಲಿ ತೆಗೆದುಕೊಂಡು ಬನ್ನಿ, ಅಳತೆ ನೋಡಿ ಹೇಳುತ್ತೇನೆ.

ರಮೇಶ್: ಎಂ-ಸೀಲ್ ಹಚ್ಚಿ ನೋಡಿ ಶಿವಲಿಂಗು, ನಮ್ಮ ಮನೆ ಸಿಂಟೆಕ್ಸ್ ಇನ್ನೂ ಸೋರಿಲ್ಲ.

ಮಾದೇಶ: ಶಿವಲಿಂಗು, ನನಗೆ ಫೋನ್ ಮಾಡಿ. ಇಲ್ಲಿ ಬರೆಯುವುದಿಲ್ಲ.