ಉಸ್ತರಾ ಮನೆಯಲ್ಲೇ ಮಸೆಯೋದು: ಗದ್ದದ ಹತ್ತಿರ ಕೂದಲು ಜಗ್ಗುತ್ತಿದೆ

ಸೇಡಂ ರೋಡ್, ಕಲಬುರಗಿ:
ನಮಸ್ಕಾರ. ಹಳೇ ಕಾಲದ ಉಸ್ತರಾ (ಗಡ್ಡ ಬೋಳಿಸುವ ಕತ್ತಿ) ಒಂದು ಸಿಕ್ಕಿದೆ, ಬುಡದಲ್ಲಿ ಝೋಲಿಂಗೆನ್ (ಚಾಕು, ಕತ್ತಿಗೆ ಹೆಸರಾದ ಜರ್ಮನಿಯ ಊರು) ಅಂತ ಕೆತ್ತಿದ್ದಾರೆ. ತುಕ್ಕು ಇಲ್ಲ, ಬಾಯಿ ಎಲ್ಲೂ ಮುಕ್ಕಾಗಿಲ್ಲ. ಈಗ ಸಲೂನಿನವರೆಲ್ಲ ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾನೇ ಬಳಸುತ್ತಾರೆ, ಹಾಗಾಗಿ ಮಸೆದು ಕೊಡಿ ಅಂದರೆ ನಮ್ಮ ಕಡೆ ಯಾರೂ ಕೈ ಹಾಕುತ್ತಿಲ್ಲ. 1000/6000ದ ಎರಡು ಮುಖದ ಮಸೆಯುವ ಕಲ್ಲು (ನಂಬರ್ ಹೆಚ್ಚಾದಷ್ಟು ಕಲ್ಲು ನುಣುಪು) ತರಿಸಿ ನಾನೇ ಮಸೆದೆ. ಕೈ ಮೇಲಿನ ಕೂದಲು ಹೋಗುತ್ತದೆ, ಕೆನ್ನೆಯೂ ಪರವಾಗಿಲ್ಲ, ಆದರೆ ಗದ್ದ, ಮೀಸೆ ಹತ್ತಿರ ಬಂದರೆ ಸಾಕು, ಜಗ್ಗಿ ಜಗ್ಗಿ ಕಣ್ಣಲ್ಲಿ ನೀರು ಬರುತ್ತದೆ. 12000ದ ಕಲ್ಲು ತಗೋಬೇಕಾ? ಇನ್ನೊಂದು, ಮನೆಯಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ತುಂಡು ಬಿದ್ದಿದೆ, ಮುಟ್ಟಿದರೆ ಒಳ್ಳೆ ನುಣುಪು. ಅದರ ಮೇಲೆ ಕೊನೇ ಕೈ ಆಡಿಸಿದರೆ ನಡೆಯುತ್ತಾ?

ಬೀದರ್ ಕೋಟೆ ಹತ್ರ:
ದುಡ್ಡು ಸದ್ಯ ಜೇಬಲ್ಲೇ ಇರಲಿ ಅಣ್ಣಾ. ಜಗ್ಗುತ್ತದೆ ಅಂದರೆ ಜಾಸ್ತಿ ಸಲ ಕೊರತೆ ಇರೋದು 1000ದಲ್ಲೇ. ಎರಡೂ ಬದಿಯ ಇಳಿಜಾರು ತುದಿಯಲ್ಲಿ ಬಂದು ಕೂಡಬೇಕು. ಕೂಡಿಲ್ಲ ಅಂದರೆ ಆಮೇಲೆ ಎಷ್ಟು ನುಣುಪಿನ ಕಲ್ಲು ಹಾಕಿದರೂ ಮೊಂಡು ಬಾಯಿಗೆ ಹೊಳಪು ಬರುತ್ತದೆ, ಅಷ್ಟೇ. ಪರ್ಮನೆಂಟ್ ಮಾರ್ಕರ್ ತಗೊಂಡು ಬಾಯಿ ಉದ್ದಕ್ಕೂ ಎರಡೂ ಕಡೆ ಬಳಿಯಿರಿ, 1000ದ ಮೇಲೆ ಹಗುರವಾಗಿ ನಾಲ್ಕೈದು ಸಲ ಆಡಿಸಿ ನೋಡಿ. ಮಸಿ ಉಳಿದ ಕಡೆ ಕಲ್ಲು ಮುಟ್ಟೇ ಇಲ್ಲ. ಬಾಯಿ ಮೇಲೆ ಮಾಡಿ ದೀಪದ ಕೆಳಗೂ ಹಿಡಿದು ನೋಡಿ, ಎಲ್ಲಾದರೂ ಬಿಳಿ ಗೆರೆ ಮಿಂಚಿದರೆ ಅಲ್ಲಿ ಇನ್ನೂ ಮೊಂಡು. ಹರಿತ ಬಾಯಿ ಹೊಳೆಯುವುದಿಲ್ಲ.

ಬೆನ್ನು, ಬಾಯಿ ಎರಡೂ ಕಲ್ಲಿಗೆ ಅಂಟಿಕೊಂಡೇ ಇರಬೇಕು. ಅಡುಗೆಮನೆ ಚಾಕುವಿನ ಥರ ಬೆನ್ನು ಎತ್ತಬೇಡಿ, ಕೋನ ಎಷ್ಟಿರಬೇಕು ಅಂತ ಬೆನ್ನಿನ ದಪ್ಪವೇ ಹೇಳುತ್ತದೆ. ಬಾಯಿ ಮುಂದಾಗಿ ತಳ್ಳಿ, ಕಲ್ಲಿನ ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ, ವಾಪಸ್ ಎಳೆಯಿರಿ. ಕೊನೆಕೊನೆಗೆ ಉಸ್ತರಾದ ತೂಕ ಒಂದೇ ಸಾಕು, ಕೈ ಭಾರ ಹಾಕಲೇಬಾರದು.

ಶಹಾಪುರದವ:
ಶಹಾಬಾದ್ ಕಲ್ಲು ಬೇಡ್ರೀ. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗೆ. ನೆಲದ ಮೇಲೆ ನಿಂಬೆಹುಳಿ ಬಿದ್ದರೆ ಅಲ್ಲೇ ಕಲೆ ಕೂರುತ್ತದಲ್ವಾ? ಅದಕ್ಕೂ ಸುಣ್ಣವೇ ಕಾರಣ. ನುಣ್ಣಗಿದ್ದ ಮಾತ್ರಕ್ಕೆ ಮಸೆಯುವ ಕಲ್ಲಾಗುವುದಿಲ್ಲ, ಒಳಗೆ ಉಕ್ಕನ್ನು ತಿನ್ನುವ ಗಟ್ಟಿ ಕಣ ಇರಬೇಕು.

ನಿಮ್ಮ ಕಲ್ಲು ಸಮ ಇದೆಯಾ, ಅದನ್ನೂ ನೋಡಿ. ಹೊಸ ಕಲ್ಲು ಅಂತ ನಂಬಬೇಡಿ. ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಹಾಕಿ, ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಇಟ್ಟು ನೀರು ಹಾಕಿ ಉಜ್ಜಿ. ಗೆರೆ ಎಲ್ಲ ಕಡೆ ಒಟ್ಟಿಗೆ ಹೋಗಬೇಕು, ನಡುವೆ ಉಳಿದರೆ ಅಲ್ಲಿ ಗುಂಡಿ ಇದೆ.

12000 ಇದ್ದರೆ ಒಳ್ಳೆಯದೇ, ಇಲ್ಲದಿದ್ದರೂ ಗಡ್ಡ ಬೋಳಿಸೋದೇನೂ ನಿಲ್ಲುವುದಿಲ್ಲ. 8000ದ ಬಾಯಿ ಮುಖಕ್ಕೆ ಧಾರಾಳ ಸಾಕು. ನಿಮ್ಮದು 6000ಕ್ಕೇ ನಿಲ್ಲುತ್ತದೆ, ಹಾಗಾಗಿ ಜೀನ್ಸ್ ಬಟ್ಟೆ ತುಂಡಿಗೆ ಹಸಿರು ಪಾಲಿಶ್ ಪೇಸ್ಟ್, ಅದೇ ಕ್ರೋಮಿಯಂ ಆಕ್ಸೈಡ್, ತೆಳ್ಳಗೆ ಸವರಿ ಹತ್ತು ಹದಿನೈದು ಸಲ ಆಡಿಸಿ. ಆಮೇಲೆ ಬರೀ ಚರ್ಮದ ಪಟ್ಟಿ. ಬಟ್ಟೆ ಮೇಲೂ ಪಟ್ಟಿ ಮೇಲೂ ಬೆನ್ನು ಮುಂದೆ, ಬಾಯಿ ಹಿಂದೆ, ಕಲ್ಲಿನ ಮೇಲೆ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಪಟ್ಟಿ ಬಿಗಿಯಾಗಿ ಎಳೆದು ಹಿಡಿಯಿರಿ, ಸಡಿಲಾಗಿ ಜೋತುಬಿದ್ದರೆ ಬಾಯಿ ಗುಂಡಗಾಗಿ ಅಷ್ಟೂ ಶ್ರಮ ದಂಡ.

ಸೇಡಂ ರೋಡ್, ಕಲಬುರಗಿ:
ಮಾರ್ಕರ್ ಹಾಕಿ ನೋಡಿದೆ. ಹಿಡಿಕೆ ಕಡೆಯ ಮೂಲೆಯಲ್ಲಿ ಮಸಿ ಹಾಗೇ ಉಳಿದಿದೆ, ಬಲಗಡೆ ಜಾಸ್ತಿ. ಮಿಕ್ಕ ಕಡೆ ಪೂರ್ತಿ ಹೋಗಿದೆ.

ಬೀದರ್ ಕೋಟೆ ಹತ್ರ:
ಸಿಕ್ಕಿತು ನೋಡಿ! ಬಾಯಿ ಮುಗಿದು ಹಿಡಿಕೆ ಶುರುವಾಗುವಲ್ಲಿ ದಪ್ಪ ಭುಜ ಇರುತ್ತದಲ್ಲ, ಅದು ಕಲ್ಲಿನ ಮೇಲೆ ಹತ್ತಿ ಕೂತು ಬಾಯಿಯನ್ನು ಎತ್ತುತ್ತಿದೆ. ಹಳೇ ಉಸ್ತರಾದಲ್ಲಿ ಇದು ಮಾಮೂಲು. ಭುಜ ಕಲ್ಲಿನ ಅಂಚಿನಿಂದ ಹೊರಗೇ ಇರಲಿ, ಉಸ್ತರಾ ಸ್ವಲ್ಪ ಓರೆ ಹಿಡಿದು ಹಿಡಿಕೆ ಕಡೆಯಿಂದ ಮುಂದಿನ ತುದಿವರೆಗೆ ಜಾರಿಸುತ್ತಾ ತಳ್ಳಿ. ಮತ್ತೆ ಮಸಿ ಬಳಿದು ನೋಡಿ, ಆ ಮೂಲೆಯದ್ದೂ ಹೋಗುವವರೆಗೆ 6000 ಮುಟ್ಟಬೇಡಿ. ಮುಗಿದ ಮೇಲೆ ಚೆನ್ನಾಗಿ ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರಿಡಿ. ನಮ್ಮ ಕಡೆ ಬೋರ್‌ವೆಲ್ ನೀರು ಬಾಯಿ ಮೇಲೆ ಒಣಗಿದರೆ ಬಿಳಿ ಕಲೆ ಬಿಡುತ್ತದೆ.